ಡ್ಯಾಶ್‌ಬೋರ್ಡ್ ಹೇಳುವುದೇನು, ಹೇಳದೆ ಬಿಡುವುದೇನು?

ಪುಸ್ತಕಗಳನ್ನು ವಿಮರ್ಶಿಸುತ್ತೇವೆ, ಪಠ್ಯಕ್ರಮವನ್ನು ವಿಮರ್ಶಿಸುತ್ತೇವೆ. ಕಾರಿನ ಚಾಲಕನ ಮುಂದೆ ಹೊತ್ತಿ ಆರುವ ದೀಪಗಳನ್ನೂ ಅಲ್ಲಿ ಮೂಡುವ ಎರಡು-ಮೂರು ಪದಗಳ ಸಂದೇಶಗಳನ್ನೂ ಏಕೆ ವಿಮರ್ಶಿಸಬಾರದು? ಅವೂ ಒಂದು ಬಗೆಯ ಬರಹಗಳೇ. ಅವನ್ನು ರೂಪಿಸಿದ ತಂತ್ರಜ್ಞರಿದ್ದಾರೆ, ಓದಬೇಕಾದ ಚಾಲಕರಿದ್ದಾರೆ. ಓದುವಲ್ಲಿ ತಪ್ಪಾದರೆ ಹಣ, ಸಮಯ ಎರಡೂ ವ್ಯರ್ಥವಾಗುತ್ತವೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಬೇಸಿಗೆಯ ನಡುಹಗಲು, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದೆ. ತಿಕೋಟಾ ಸಮೀಪದ ದ್ರಾಕ್ಷಿ ತೋಟವೊಂದರ ಬಳಿ ನಿಲ್ಲಿಸಿದ್ದ ಕಾರು ಮತ್ತೆ ಹೊರಡಲು ಒಪ್ಪುತ್ತಿಲ್ಲ. "ಗಾಡಿ ಸ್ಟಾರ್ಟ್ ಆಗವಲ್ದು" ಎಂದು ಚಾಲಕ ಫೋನು ಮಾಡುತ್ತಾನೆ. ಎದುರಿಗೆ ಕೀಲಿಕೈ ಚಿತ್ರದ ಪುಟ್ಟ ದೀಪ ಮಿನುಗುತ್ತಿದೆ. ಒಬ್ಬರು "ಇಮೊಬಿಲೈಸರ್ ಹೋಗಿದೆ, ಹೊಸ ಕೀಲಿಕೈ ಮಾಡಿಸಿ" ಎನ್ನುತ್ತಾರೆ. ಇನ್ನೊಬ್ಬರು "ಕಂಪ್ಯೂಟರ್ ಕೆಟ್ಟಿದೆ" ಎನ್ನುತ್ತಾರೆ. ಮೂರನೆಯವರು "ಬ್ಯಾಟರಿ ನೋಡಿ" ಎನ್ನುತ್ತಾರೆ. ಮೂರಕ್ಕೂ ತಗಲುವ ವೆಚ್ಚದಲ್ಲಿ ಅಜಗಜಾಂತರ. ಯಾರ ಮಾತು ಸರಿ?

ಆ ದೀಪವೊಂದನ್ನೇ ನೋಡಿ ಇದನ್ನು ನಿರ್ಧರಿಸಲಾಗದು. ದೀಪ ತೋರಿಸುವುದು ಲಕ್ಷಣವನ್ನು, ಕಾರಣವನ್ನಲ್ಲ. ಜ್ವರ ಬಂದಿದೆ ಎಂದು ಉಷ್ಣತಾಮಾಪಕ ಹೇಳುತ್ತದೆ. ಮಲೇರಿಯವೋ ಟೈಫಾಯ್ಡೋ ಎಂದು ಹೇಳುವುದಿಲ್ಲ. ಆದರೆ ಉಷ್ಣತಾಮಾಪಕ ತಾನು ಅಳೆದ ಅಂಕಿಯನ್ನಾದರೂ ತೋರಿಸುತ್ತದೆ. ಡ್ಯಾಶ್‌ಬೋರ್ಡ್ ಅದನ್ನೂ ಮುಚ್ಚಿಟ್ಟು ತೀರ್ಪನ್ನು ಮಾತ್ರ ಓದುತ್ತದೆ. ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸಿ ಹೇಳದಿರುವುದೇ ಅದರ ಮುಖ್ಯ ದೋಷ.

ಮೊದಲು ಗುಣಗಳು

ಮೆಚ್ಚಬೇಕಾದುದನ್ನು ಮೊದಲು ಮೆಚ್ಚೋಣ. ಡ್ಯಾಶ್‌ಬೋರ್ಡಿನ ಚಿಹ್ನೆಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಹೀಗಾಗಿ ಯಾವ ದೇಶದ ಕಾರಾದರೂ ಎಣ್ಣೆಯ ಒತ್ತಡದ ಚಿಹ್ನೆ ಬಹುಮಟ್ಟಿಗೆ ಒಂದೇ. ಬಣ್ಣಗಳಿಗೂ ಅರ್ಥವಿದೆ. ಕೆಂಪು ಎಂದರೆ ಅಪಾಯ. ಹಳದಿ ಎಂದರೆ ಎಚ್ಚರಿಕೆ. ಹಸಿರು ಎಂದರೆ ವ್ಯವಸ್ಥೆ ಚಾಲನೆಯಲ್ಲಿದೆ.

ಇನ್ನೊಂದು ಗುಣ ಹೆಚ್ಚು ಜಾಣತನದ್ದು. ಕೀಲಿಕೈಯನ್ನು 'ಆನ್' ಸ್ಥಾನಕ್ಕೆ ತಿರುಗಿಸಿದೊಡನೆ ಹಲವು ದೀಪಗಳು ಒಮ್ಮೆಗೇ ಬೆಳಗುತ್ತವೆ. ಇದು ದೀಪಗಳ ಸ್ವಯಂಪರೀಕ್ಷೆ. ಆಗ ಬೆಳಗಬೇಕಾದ ದೀಪ ಬೆಳಗದಿದ್ದರೆ ಅದೂ ಒಂದು ಸುದ್ದಿ. ಎಂಜಿನ್ ಚಿತ್ರದ ದೀಪ ಈ ಹಂತದಲ್ಲಿ ಹೊತ್ತದಿದ್ದರೆ ಎಂಜಿನ್ ನಿಯಂತ್ರಕ ಗಣಕಕ್ಕೆ ವಿದ್ಯುತ್ತೇ ತಲಪುತ್ತಿಲ್ಲವೇನೋ ಎಂದು ಶಂಕಿಸಬೇಕು. ಸುಟ್ಟುಹೋದ ಒಂದು ಫ್ಯೂಸು ಸಾಕು, ಇಡೀ ಕಾರು ನಿಲ್ಲಲು. ಸಂದೇಶ ಇಲ್ಲದಿರುವುದೂ ಸಂದೇಶವೇ ಎಂಬ ಈ ಪಾಠ ವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ.

ಬ್ಯಾಟರಿ ದೀಪ: ಹೆಸರೊಂದು, ಕೆಲಸವೊಂದು

ಈಗ ದೋಷಗಳತ್ತ ಬರೋಣ. ಬ್ಯಾಟರಿ ಚಿತ್ರದ ಕೆಂಪು ದೀಪ ಬ್ಯಾಟರಿಯ ಆರೋಗ್ಯವನ್ನು ತಿಳಿಸುತ್ತದೆ ಎಂದು ನೀವು ನಂಬಿದ್ದರೆ ಅದು ಚಿತ್ರದ ತಪ್ಪು, ನಿಮ್ಮದಲ್ಲ. ಸಾಂಪ್ರದಾಯಿಕ ಮಂಡಲದಲ್ಲಿ ಈ ದೀಪದ ಒಂದು ತುದಿ ಬ್ಯಾಟರಿಯ ಕಡೆಗೂ ಇನ್ನೊಂದು ತುದಿ ಆಲ್ಟರ್ನೇಟರ್ ಕಡೆಗೂ ಜೋಡಿಸಲ್ಪಟ್ಟಿರುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸತೊಡಗಿದಾಗ ಎರಡೂ ತುದಿಗಳ ವಿಭವ ಸಮನಾಗುತ್ತದೆ. ವಿಭವಾಂತರವಿಲ್ಲ, ಆದ್ದರಿಂದ ಪ್ರವಾಹವಿಲ್ಲ, ದೀಪ ಆರುತ್ತದೆ. ಹೊಸ ಕಾರುಗಳಲ್ಲಿ ಈ ಹೋಲಿಕೆಯ ಕೆಲಸವನ್ನು ಗಣಕ ಮಾಡುತ್ತದೆ. ಅಂದರೆ ದೀಪ ಹೇಳುವುದು "ವಿದ್ಯುತ್ ತುಂಬುತ್ತಿಲ್ಲ" ಎಂದು. ರಾತ್ರಿಯಿಡೀ ನಿಂತು ಬಸವಳಿದ ಬ್ಯಾಟರಿಯ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ.

ಇದಕ್ಕಿಂತ ದೊಡ್ಡ ಭ್ರಮೆ ಮತ್ತೊಂದಿದೆ: "ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿವೆ, ಆದ್ದರಿಂದ ಬ್ಯಾಟರಿ ಸರಿಯಿದೆ." ಓಮನ ನಿಯಮದಿಂದ ಇದನ್ನು ಪರೀಕ್ಷಿಸಿ. ಬ್ಯಾಟರಿಯ ತುದಿಯಲ್ಲಿ ಬಿಳಿ-ಹಸಿರು ಕಿಲುಬು ಕಟ್ಟಿ 0.02 ಓಮ್‌ನಷ್ಟು ರೋಧ ಸೇರಿಕೊಂಡಿದೆ ಎನ್ನಿ. ದೀಪಗಳು 2 ಆಂಪಿಯರ್ ಎಳೆದರೆ ಅಲ್ಲಿ ಕಳೆದುಹೋಗುವುದು 0.04 ವೋಲ್ಟ್ ಮಾತ್ರ. ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಸ್ಟಾರ್ಟರ್ ಮೋಟಾರು 150 ಆಂಪಿಯರ್ ಕೇಳಿದಾಗ ಅದೇ ಜಾಗದಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ. ಪೂರ್ಣ ತುಂಬಿದ ಬ್ಯಾಟರಿಯ ವಿಶ್ರಾಂತ ವೋಲ್ಟೇಜು ಸುಮಾರು 12.6. ಅದರಲ್ಲಿ 3 ಹೋದರೆ ಉಳಿಯುವುದು 9.6, ಬ್ಯಾಟರಿಯ ಆಂತರಿಕ ರೋಧದಿಂದಾಗುವ ನಷ್ಟವನ್ನೂ ಸೇರಿಸಿದರೆ ಇನ್ನೂ ಕಡಿಮೆ. ಮೋಟಾರು ತಿರುಗಲು ತಿಣುಕುತ್ತದೆ, ಗಣಕಗಳು ತಡವರಿಸುತ್ತವೆ. ಇಲ್ಲಿ ಬೇಕಾದದ್ದು ಹೊಸ ಬ್ಯಾಟರಿಯೂ ಅಲ್ಲ, ಹೊಸ ಕೀಲಿಕೈಯೂ ಅಲ್ಲ. ತುದಿಗಳನ್ನು ಉಜ್ಜಿ ಬಿಗಿಗೊಳಿಸಿದರೆ ಸಾಕು.

ಬಯಲುಸೀಮೆಯ ಸೆಕೆ ಈ ಮಾತಿಗೆ ಹೆಚ್ಚಿನ ಮಹತ್ವ ಕೊಡುತ್ತದೆ. ಉಷ್ಣತೆ ಏರಿದಂತೆ ಸೀಸ-ಆಮ್ಲ ಬ್ಯಾಟರಿಯೊಳಗೆ ನೀರು ಆವಿಯಾಗುವುದೂ ಸೀಸದ ಜಾಲರಿ ಸವೆಯುವುದೂ ವೇಗಗೊಳ್ಳುತ್ತವೆ. ಬ್ಯಾಟರಿ ಕೈಕೊಡುವುದು ಚಳಿಗಾಲದಲ್ಲಿ ಎಂಬ ಮಾತು ಶೀತದೇಶಗಳ ಪುಸ್ತಕಗಳಿಂದ ಬಂದದ್ದು. ವಿಜಯಪುರದಂತಹ ಊರಿನಲ್ಲಿ ಬೇಸಿಗೆಯನ್ನೂ ಅಷ್ಟೇ ಅನುಮಾನಿಸಬೇಕು.

ಕೀಲಿಕೈ ದೀಪ: ಅರ್ಧ ಹೇಳಿದ ಕಥೆ

ಇಮೊಬಿಲೈಸರ್ ಎಂದರೆ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಕಾವಲುಗಾರ. ಕೀಲಿಕೈಯ ತಲೆಯೊಳಗೆ ಬ್ಯಾಟರಿ ಇಲ್ಲದ ಒಂದು ಚಿಪ್ಪು. ಕೀಲಿರಂಧ್ರದ ಸುತ್ತ ತಂತಿಯ ಒಂದು ಸುರುಳಿ. ಸುರುಳಿಯಲ್ಲಿ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವೃತ್ತಿಯ ಪರ್ಯಾಯ ಪ್ರವಾಹ ಹರಿಯುತ್ತದೆ. ಈ ಆವೃತ್ತಿಯ ತರಂಗದೂರ 2,400 ಮೀಟರ್. ಕೆಲವೇ ಸೆಂಟಿಮೀಟರ್ ಅಳತೆಯ ಸುರುಳಿಯಿಂದ ಇಲ್ಲಿ ರೇಡಿಯೊ ಪ್ರಸಾರವೆಂಬುದು ಲೆಕ್ಕಕ್ಕಿಲ್ಲ. ನಡೆಯುವುದು ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರೇರಣೆ. ಟ್ರಾನ್ಸ್‌ಫಾರ್ಮರಿನಲ್ಲಿ ಆಗುವಂತೆ ಚಿಪ್ಪಿನ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗಿ ಚಿಪ್ಪು ಎಚ್ಚರಗೊಳ್ಳುತ್ತದೆ. ಗಣಕ ಒಂದು ಪ್ರಶ್ನೆ ಕೇಳುತ್ತದೆ; ಚಿಪ್ಪು ಗುಪ್ತಸಂಖ್ಯೆಯ ನೆರವಿನಿಂದ ಉತ್ತರ ಲೆಕ್ಕಹಾಕಿ ಕಳಿಸುತ್ತದೆ. ಉತ್ತರ ಸರಿಯಿದ್ದರೆ ಇಂಧನ ಮತ್ತು ಕಿಡಿಗೆ ಅನುಮತಿ. ಡೀಸೆಲ್ ಕಾರಿನಲ್ಲಿ ಕಿಡಿಯ ಪ್ರಶ್ನೆಯಿಲ್ಲ. ಅಲ್ಲಿ ತಡೆಯುವುದು ಇಂಧನವನ್ನು.

ಈ ಸಂವಾದ ಎಷ್ಟು ಕಡೆ ಮುರಿಯಬಹುದು ನೋಡಿ. ಚಿಪ್ಪು ಕೆಟ್ಟಿರಬಹುದು. ಸುರುಳಿ ಕಡಿದಿರಬಹುದು. ಅದೇ ಗೊಂಚಲಿನಲ್ಲಿ ಇನ್ನೊಂದು ಕಾರಿನ ಕೀಲಿಕೈ ಇದ್ದು ಎರಡೂ ಚಿಪ್ಪುಗಳು ಒಟ್ಟಿಗೆ ಉತ್ತರಿಸುತ್ತಿರಬಹುದು. ಲೋಹದ ದೊಡ್ಡ ಬಳೆಯೊಂದು ಕಾಂತಕ್ಷೇತ್ರವನ್ನು ಹೀರುತ್ತಿರಬಹುದು. ಗಣಕಗಳ ನಡುವಿನ ತಂತಿ ಸಡಿಲವಾಗಿರಬಹುದು. ಸ್ಟಾರ್ಟರ್ ತಿರುಗುವಾಗ ವೋಲ್ಟೇಜು ಕುಸಿದು ಗಣಕವೇ ಮಾತು ಮರೆತಿರಬಹುದು. ಇಷ್ಟೂ ಕಾರಣಗಳಿಗೆ ಉತ್ತರ ಒಂದೇ: ದೀಪ ಮಿನುಗುತ್ತದೆ.

ಮಿನುಗುವುದರ ಅರ್ಥವಾದರೂ ಎಲ್ಲೆಡೆ ಒಂದೇ ಆಗಿದೆಯೇ? ಇಲ್ಲ. ಕೆಲವು ಕಾರುಗಳಲ್ಲಿ ಕೀಲಿಕೈ ತೆಗೆದ ಮೇಲೆ ದೀಪ ಮಿನುಗಿದರೆ ಕಾವಲು ಜಾರಿಯಲ್ಲಿದೆ ಎಂದರ್ಥ. ಅದು ಆರೋಗ್ಯದ ಲಕ್ಷಣ. ಕೀಲಿಕೈ 'ಆನ್' ಇರುವಾಗ ಮಿನುಗಿದರೆ ಕೀಲಿಕೈಯನ್ನು ಗುರುತಿಸಿಲ್ಲ ಎಂದರ್ಥ. ಅದು ರೋಗದ ಲಕ್ಷಣ. ಫೋಕ್ಸ್‌ವ್ಯಾಗನ್ ಸಮೂಹದ ಹಲವು ಕಾರುಗಳಲ್ಲಿ ಇಂಥ ಸಂದರ್ಭದಲ್ಲಿ ಮೂಡುವ ಪದ 'ಸೇಫ್'. ದಾರಿಯಲ್ಲಿ ಸಿಕ್ಕಿಬಿದ್ದವನ ಎದುರು 'ಸುರಕ್ಷಿತ' ಎಂಬ ಪದ! ಸುರಕ್ಷಿತವಾಗಿರುವುದು ಕಾರು, ಅದೂ ಅದರ ಮಾಲೀಕನಿಂದಲೇ.

ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳು 'ಕೀಲಿಕೈ ಪತ್ತೆಯಾಗಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತವೆ. ಇದು ಕೊಂಚ ಪ್ರಾಮಾಣಿಕ; ಅಳೆದದ್ದನ್ನೇ ಹೇಳುತ್ತದೆ. ಬಹಳ ಸಲ ಕಾರಣ ಕೀಲಿಕೈಯೊಳಗಿನ 3 ವೋಲ್ಟಿನ ಗುಂಡಿ-ಬ್ಯಾಟರಿ ಮುಗಿದಿರುವುದು. ಆಗ ಕೀಲಿಕೈಯನ್ನು ಕೈಪಿಡಿ ಸೂಚಿಸುವ ಜಾಗಕ್ಕೆ, ಅನೇಕ ಕಾರುಗಳಲ್ಲಿ ಚಾಲನೆಯ ಗುಂಡಿಗೇ, ತಾಗಿಸಿ ಹಿಡಿದರೆ ಒಳಗಿನ ಚಿಪ್ಪು ಪ್ರೇರಣೆಯಿಂದ ಎಚ್ಚತ್ತು ಕಾರು ಚಾಲೂ ಆಗುತ್ತದೆ. ಈ ಒಂದು ವಾಕ್ಯವನ್ನು ಪರದೆಯ ಮೇಲೆ ತೋರಿಸುವ ಕಾರುಗಳೂ ಇವೆ, ತೋರಿಸದವೂ ಇವೆ. ಒಳ್ಳೆಯ ಸಂದೇಶಕ್ಕೂ ಕೆಟ್ಟ ಸಂದೇಶಕ್ಕೂ ಇರುವ ಅಂತರ ಇಷ್ಟೇ.

ಮಾದರಿ ಎನ್ನಬಹುದಾದುದನ್ನೂ ಹೇಳಬೇಕು. ಫೋರ್ಡ್ ಕಂಪನಿಯ ಹಲವು ಹಳೆಯ ಕಾರುಗಳಲ್ಲಿ ಇಮೊಬಿಲೈಸರ್ ದೀಪ ಸುಮಾರು ಒಂದು ನಿಮಿಷ ವೇಗವಾಗಿ ಮಿನುಗಿ, ಬಳಿಕ ಎರಡಂಕಿಯ ಸಂಕೇತವನ್ನು ಮಿಟುಕಿಸಿ ತೋರಿಸುತ್ತದೆ. ಒಮ್ಮೆ ಮಿಟುಕಿ, ತಡೆದು ಮೂರು ಬಾರಿ ಮಿಟುಕಿದರೆ 13: ಚಿಪ್ಪಿನಿಂದ ಉತ್ತರ ಬಂದಿಲ್ಲ. 14 ಎಂದರೆ ಉತ್ತರ ಅರ್ಧಂಬರ್ಧ ಬಂದಿದೆ. 15 ಎಂದರೆ ಚಿಪ್ಪು ಓದಿಸಿಕೊಂಡಿತು, ಆದರೆ ಅದು ಈ ಕಾರಿನದಲ್ಲ. ಒಂದೇ ದೀಪ, ಹೆಚ್ಚುವರಿ ಖರ್ಚಿಲ್ಲ. ಆದರೂ ರೋಗನಿದಾನ ಅರ್ಧ ಮುಗಿಯಿತು.

ಎಂಜಿನ್ ದೀಪ: ಅಂಕಿಯ ಹಿಂದಿನ ಊಹೆ

ಎಂಜಿನ್ ಚಿತ್ರದ ಹಳದಿ ದೀಪ ಮೂಲತಃ ಹೊಗೆಯ ಮಾಲಿನ್ಯ ತಡೆಯಲು ಬಂದದ್ದು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಓಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ ಭಾರತ್ ಸ್ಟೇಜ್ 4ರ ಜೊತೆ ಓಬಿಡಿ-1 2010ರಲ್ಲೂ ಓಬಿಡಿ-2 2013ರಲ್ಲೂ ಜಾರಿಗೆ ಬಂದವು. ದೋಷ ಕಂಡಾಗ ಗಣಕ ಒಂದು ಸಂಕೇತವನ್ನು ದಾಖಲಿಸುತ್ತದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನುಗಳ ಸಾಕೆಟ್ಟಿಗೆ ಓದುಗಯಂತ್ರ ಜೋಡಿಸಿದರೆ ಅದು ಕಾಣುತ್ತದೆ.

ಪಿ0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ. ಗಣಕ ಇದನ್ನು ನೇರವಾಗಿ ನೋಡಿತೇ? ಇಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುವಾಗ ಪ್ರತಿ 40 ಮಿಲಿಸೆಕೆಂಡಿಗೆ ಒಂದು ದಹನ. ಪ್ರತಿ ದಹನವೂ ಕ್ರ್ಯಾಂಕ್ ದಂಡಕ್ಕೆ ಪುಟ್ಟ ತಳ್ಳು ಕೊಡುತ್ತದೆ. ತಳ್ಳು ಬರಬೇಕಾದ ಹೊತ್ತಿಗೆ ಬರದೆ ವೇಗ ಕುಂದಿದರೆ ಗಣಕ "ದಹನ ತಪ್ಪಿತು" ಎಂದು ಊಹಿಸುತ್ತದೆ. ಸ್ಪಾರ್ಕ್ ಪ್ಲಗ್, ಕಾಯಿಲ್, ಇಂಜೆಕ್ಟರ್, ಕವಾಟದ ಸೋರಿಕೆ ಯಾವುದೂ ಕಾರಣವಾಗಿರಬಹುದು. ಅಂಕಿ ಕಂಡೊಡನೆ ಪ್ಲಗ್ ಬದಲಿಸುವುದು ಊಹೆಯ ಮೇಲೆ ಇನ್ನೊಂದು ಊಹೆ.

ಸರಿಯಾದ ವಿಧಾನ ಪ್ರಯೋಗ. ಸಿಲಿಂಡರಿಗೊಂದು ಕಾಯಿಲ್ ಇರುವ ಕಾರಾದರೆ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಕಾಯಿಲ್‌ಗಳನ್ನು ಮೆಕ್ಯಾನಿಕ್ ಅದಲುಬದಲು ಮಾಡುತ್ತಾನೆ, ಬೇರೇನನ್ನೂ ಮುಟ್ಟುವುದಿಲ್ಲ. ಸಂಕೇತ ಪಿ0303ಕ್ಕೆ ಬದಲಾದರೆ ತಪ್ಪು ಕಾಯಿಲ್‌ನದು. ಬದಲಾಗದಿದ್ದರೆ ಕಾಯಿಲ್ ನಿರಪರಾಧಿ. ಒಂದು ಚರವನ್ನು ಮಾತ್ರ ಬದಲಿಸಿ, ಉಳಿದವನ್ನು ಸ್ಥಿರವಾಗಿಡಿ ಎಂಬ ತರಗತಿಯ ಪಾಠ ಇದೇ ಅಲ್ಲವೇ?

ಪಿ0335 ಕ್ರ್ಯಾಂಕ್ ಸ್ಥಾನದ ಸಂವೇದಕದ ಮಂಡಲಕ್ಕೆ ಸಂಬಂಧಿಸಿದ್ದು. ಈ ಸಂಜ್ಞೆ ಇಲ್ಲದಿದ್ದರೆ ಕಿಡಿ ಯಾವಾಗ ಬೇಕೆಂದೇ ಗಣಕಕ್ಕೆ ತಿಳಿಯದು. ಸುರುಳಿಯುಳ್ಳ ಸಂವೇದಕ ಎಂಜಿನಿನ ಕಾವಿಗೆ ಹಿಗ್ಗಿ ಒಳತಂತಿ ಬಿಟ್ಟುಕೊಂಡು, ತಣಿದ ಮೇಲೆ ಮತ್ತೆ ಕೂಡಿಕೊಳ್ಳುವುದುಂಟು. ದೂರ ಓಡಿಬಂದು ಚಹಕ್ಕೆಂದು ನಿಂತ ಕಾರು ಹೊರಡದೆ, ಅರ್ಧ ತಾಸಿನ ಬಳಿಕ ಏನೂ ಆಗಿಲ್ಲವೆಂಬಂತೆ ಚಾಲೂ ಆದರೆ ಈ ಸಂವೇದಕವನ್ನು ನೆನೆಯಿರಿ. ಸ್ಟಾರ್ಟರ್ ತಿರುಗುವಾಗ ಎಂಜಿನ್ ವೇಗದ ಮುಳ್ಳು ಕೊಂಚವೂ ಅಲುಗದಿರುವುದು ಅನೇಕ ಕಾರುಗಳಲ್ಲಿ ಇದಕ್ಕೆ ಇನ್ನೊಂದು ಸುಳಿವು. ಹೆಸರಿಲ್ಲದ ಈ ಸಂದೇಶ ಹೆಸರಿರುವ ಎಷ್ಟೋ ದೀಪಗಳಿಗಿಂತ ಉಪಯುಕ್ತ.

ಗೋಳಗುಮ್ಮಟದ ಪಾಠ

ಗೋಳಗುಮ್ಮಟದ ಒಳಮೊಗಸಾಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಅದು ಹಲವು ಬಾರಿ ಮರಳಿ ಕೇಳುತ್ತದೆ. ಆಗಷ್ಟೇ ಒಳಗೆ ಬಂದವರಿಗೆ ಹಲವರು ಚಪ್ಪಾಳೆ ತಟ್ಟುತ್ತಿರುವಂತೆ ತೋರಬಹುದು. ತಟ್ಟಿದ್ದು ಒಂದೇ, ಉಳಿದವು ಪ್ರತಿಧ್ವನಿಗಳು.

ಇಂದಿನ ಕಾರಿನಲ್ಲೂ ಹೀಗೇ. ಹಲವಾರು ಗಣಕಗಳು ಒಂದು ಜಾಲದಲ್ಲಿ ಮಾತನಾಡುತ್ತಿರುತ್ತವೆ. ಎಂಜಿನ್ ಚಾಲೂ ಮಾಡುವಾಗ ವೋಲ್ಟೇಜು ಒಮ್ಮೆ ಕುಸಿದರೆ ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್, ಇಮೊಬಿಲೈಸರ್ ಎಲ್ಲವೂ ತಂತಮ್ಮ ದೂರು ದಾಖಲಿಸುತ್ತವೆ. ಐದು ದೀಪ ಹೊತ್ತಿದವೆಂದು ಐದು ರೋಗಗಳೆಂದು ತಿಳಿಯಬಾರದು. ಮೊದಲ ಚಪ್ಪಾಳೆಯನ್ನು ಹುಡುಕಬೇಕು. ಡ್ಯಾಶ್‌ಬೋರ್ಡ್ ಈ ಕೆಲಸದಲ್ಲಿ ನೆರವಾಗುವುದಿಲ್ಲ. ಯಾವ ದೂರು ಮೊದಲು ಬಂತು, ಆಗ ವೋಲ್ಟೇಜು ಎಷ್ಟಿತ್ತು ಎಂದು ಚಾಲಕನಿಗೆ ತಿಳಿಸುವುದಿಲ್ಲ. ಎಂಜಿನ್ ಗಣಕವು ದೋಷದ ಕ್ಷಣದ ವೇಗ, ಉಷ್ಣತೆ ಮುಂತಾದವನ್ನು ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಸಾಕ್ಷ್ಯವಿದೆ; ಚಾಲಕನಿಗೆ ಮಾತ್ರ ಅದರ ಬಾಗಿಲು ಮುಚ್ಚಿದೆ.

ಮೌನಕ್ಕೆ ಸಮರ್ಥನೆ ಇದೆಯೇ?

ಹೆಚ್ಚು ಹೇಳಿದರೆ ಕಳ್ಳರಿಗೆ ಅನುಕೂಲ ಎಂಬ ವಾದವಿದೆ. ಇಮೊಬಿಲೈಸರ್‌ನ ಉಪಯೋಗವನ್ನು ಯಾರೂ ಅಲ್ಲಗಳೆಯಲಾರರು. ಅಮೆರಿಕದಲ್ಲಿ ಅದಿಲ್ಲದೆ ಮಾರಾಟವಾದ ಕಿಯಾ ಮತ್ತು ಹುಂಡೈ ಕಾರುಗಳು 2021-22ರ ಸುಮಾರಿಗೆ ದೊಡ್ಡ ಸಂಖ್ಯೆಯಲ್ಲಿ ಕಳುವಾದವು. ಆದರೆ ಗೋಪ್ಯತೆಯೇ ಭದ್ರತೆಯಲ್ಲ. ರಹಸ್ಯ ಇರಬೇಕಾದ್ದು ಕೀಲಿಯಲ್ಲಿ, ವಿಧಾನದಲ್ಲಲ್ಲ ಎಂದು ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದಿದ್ದ. 2005ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು, ವಿಧಾನವನ್ನು ಗುಟ್ಟಾಗಿಟ್ಟಿದ್ದ 40 ಬಿಟ್‌ಗಳ ಚಿಪ್ಪೊಂದನ್ನು ಭೇದಿಸಿ ತೋರಿಸಿದರು. 40 ಬಿಟ್ ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಗಣಕಗಳಿಗೆ ಅದು ದೊಡ್ಡ ಸಂಖ್ಯೆಯಲ್ಲ. ಗುಟ್ಟು ಆ ಚಿಪ್ಪನ್ನು ಕಾಯಲಿಲ್ಲ. "ಚಿಪ್ಪಿನಿಂದ ಉತ್ತರ ಬಂದಿಲ್ಲ" ಎಂದು ಮಾಲೀಕನಿಗೆ ಹೇಳುವುದರಿಂದ ಗುಪ್ತಸಂಖ್ಯೆ ಬಯಲಾಗುವುದೂ ಇಲ್ಲ.

ಮೌನದ ಇನ್ನೊಂದು ಮುಖ ವ್ಯಾಪಾರದ್ದು. ಅಗ್ಗದ ಓದುಗಯಂತ್ರ ಎಂಜಿನ್ನಿನ ಸಾಮಾನ್ಯ ಸಂಕೇತಗಳನ್ನು ಓದುತ್ತದೆ. ಇಮೊಬಿಲೈಸರ್‌ಗೆ ಬಹಳ ಸಲ ಕಂಪನಿಯದೇ ಸಾಧನ ಬೇಕು. ಬಿಡಿಭಾಗ ಮತ್ತು ರೋಗನಿದಾನದ ಸಾಧನಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಜಾಲತಾಣ ತೆರೆದಾಗ ವಾಹನಗಳೂ ಅದರ ವ್ಯಾಪ್ತಿಗೆ ಬಂದವು. ಬಬಲೇಶ್ವರದಂತಹ ಊರಿನ ಸಣ್ಣ ಗ್ಯಾರೇಜಿನವನಿಗೆ ಇದು ದೂರದ ಸುದ್ದಿಯಲ್ಲ. ಅವನ ಕೈಗೆ ಮಾಹಿತಿ ಸಿಗದಿದ್ದರೆ ಗ್ರಾಹಕನ ಕಾರನ್ನು ಎಳೆಸಿಕೊಂಡು ನಗರಕ್ಕೆ ಒಯ್ಯಬೇಕು.

ಭಾಷೆಯ ಕೊರತೆಯೂ ಇದೆ. ಪರದೆಯ ಸಂದೇಶಗಳು ನಮ್ಮಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಕನ್ನಡದಲ್ಲಿ ಬರಬೇಕು, ನಿಜ. ಆದರೆ 'ಇಮೊಬಿಲೈಸರ್ ದೋಷ' ಎಂದು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಚಾಲಕನ ತಿಳಿವಳಿಕೆ ಹೆಚ್ಚುವುದಿಲ್ಲ. "ಕೀಲಿಕೈಯ ಉತ್ತರ ಬಂದಿಲ್ಲ, ಬ್ಯಾಟರಿ 9.4 ವೋಲ್ಟ್, ಬೇರೆ ಕೀಲಿಕೈ ಬಳಸಿ ನೋಡಿ" ಎಂಬಂತಿದ್ದರೆ ಅಳತೆ, ಊಹೆ, ಮುಂದಿನ ಹೆಜ್ಜೆ ಮೂರೂ ಸ್ಪಷ್ಟ.

ಓದುವ ಕ್ರಮ

ಅಂಥ ಡ್ಯಾಶ್‌ಬೋರ್ಡ್ ಬರುವವರೆಗೆ ಇರುವುದನ್ನೇ ಕ್ರಮವಾಗಿ ಓದಬೇಕು. ಕಾರು ಹೊರಡದಿದ್ದಾಗ ಈ ಐದು ಪ್ರಶ್ನೆಗಳನ್ನು ಕೇಳಿ.

1. 'ಆನ್' ಮಾಡಿದಾಗ ಬೆಳಗಬೇಕಾದ ದೀಪಗಳೆಲ್ಲ ಬೆಳಗಿದವೇ? ಇಲ್ಲವಾದರೆ ಮೊದಲು ಫ್ಯೂಸು.

2. ಸ್ಟಾರ್ಟರ್ ತಿರುಗಿಸುವಾಗ ದೀಪಗಳು ಮಂಕಾದವೇ, ಟಕಟಕ ಸದ್ದು ಬಂತೇ? ಹಾಗಿದ್ದರೆ ಬ್ಯಾಟರಿ, ಅದರ ತುದಿಗಳು, ಭೂಸಂಪರ್ಕದ ತಂತಿ. ಇದು ಇತ್ಯರ್ಥವಾಗುವವರೆಗೆ ಬೇರೆ ಯಾವ ದೀಪವನ್ನೂ ನಂಬಬೇಡಿ.

3. ಮೋಟಾರು ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯುತ್ತಿಲ್ಲವೇ, ಅಥವಾ ಹಿಡಿದು ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತಿದೆಯೇ? ಆಗ ಕೀಲಿಕೈ ದೀಪ ನೋಡಿ. ಕೆಲವು ಕಾರುಗಳಲ್ಲಿ ಇಮೊಬಿಲೈಸರ್ ಸ್ಟಾರ್ಟರನ್ನೇ ತಡೆಯುತ್ತದೆ ಎಂಬುದೂ ನೆನಪಿರಲಿ.

4. ಗೊಂಚಲಿನಿಂದ ಬಿಡಿಸಿದ ಒಂಟಿ ಕೀಲಿಕೈಯಿಂದ, ಬಳಿಕ ಎರಡನೆಯ ಕೀಲಿಕೈಯಿಂದ ಪ್ರಯತ್ನಿಸಿದಿರಾ? ಎರಡನೆಯದರಿಂದ ಚಾಲೂ ಆದರೆ ಸಂಶಯ ಮೊದಲ ಕೀಲಿಕೈಯ ಮೇಲೆ, ಕಾರಿನ ಮೇಲಲ್ಲ.

5. ಕೀಲಿಕೈ ದೀಪ ಶಾಂತವಾಗಿದೆಯೇ? ಹಾಗಾದರೆ ಸಂವೇದಕ, ಇಂಧನ, ಕಿಡಿ. ಇಲ್ಲಿ ಓದುಗಯಂತ್ರ ಬೇಕು. ಸಂಕೇತವನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ.

ಎರಡು ಎಚ್ಚರಿಕೆಗಳು. ಕಿಡಿಯ ಮಂಡಲದಲ್ಲಿ 20,000 ವೋಲ್ಟಿಗೂ ಹೆಚ್ಚು ಇರುತ್ತದೆ. ತಂತಿ ಹಿಡಿದು ಕಿಡಿ ನೋಡುವ ಹಳೆಯ ಪದ್ಧತಿ ಬೇಡ. ಬ್ಯಾಟರಿಯಿಂದ ಜಲಜನಕ ಹೊಮ್ಮುತ್ತದೆ. ಇನ್ನೊಂದು ಬ್ಯಾಟರಿಯಿಂದ ವಿದ್ಯುತ್ ಪಡೆಯುವಾಗ ಕೊನೆಯ ಜೋಡಣೆಯನ್ನು ಬ್ಯಾಟರಿಯಿಂದ ದೂರದಲ್ಲಿ, ಎಂಜಿನ್ನಿನ ಲೋಹಕ್ಕೆ ಮಾಡಬೇಕು.

ಶಿಕ್ಷಕರಿಗೆ ಒಂದು ಸಲಹೆ. ಓಮನ ನಿಯಮ, ವಿದ್ಯುತ್ಕಾಂತೀಯ ಪ್ರೇರಣೆ, ಪ್ರತಿಧ್ವನಿ ಇವು ಬೇರೆ ಬೇರೆ ಅಧ್ಯಾಯಗಳಲ್ಲಿವೆ. ಶಾಲೆಯ ಅಂಗಳದಲ್ಲಿ ನಿಂತ ಒಂದು ಕಾರು ಅವನ್ನು ಒಟ್ಟಿಗೆ ತರುತ್ತದೆ. ಒಂದು ಮಲ್ಟಿಮೀಟರ್ ತನ್ನಿ. ಎಂಜಿನ್ ಚಾಲೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ಬ್ಯಾಟರಿಯ ವೋಲ್ಟೇಜನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ದೀಪಗಳು ಏನು ಹೇಳಿದವು ಎಂಬುದನ್ನು ಪಕ್ಕದ ಕಂಬಸಾಲಿನಲ್ಲಿ ಬರೆಯಲಿ. ಎರಡು ಕಂಬಸಾಲುಗಳ ನಡುವಿನ ಅಂತರವನ್ನು ಅವರೇ ಕಂಡುಕೊಳ್ಳುತ್ತಾರೆ.